ಸ್ವಾಗತದ ಹಲಗಿ

ಬೆಳಿಗ್ಗೆ ಜಕ್ಕಪ್ಪ ಬಾಗಿಲು ತೆಗೆದು, ಕಸ ಗುಡಿಸಿ, ಚಹಾದ ಫ್ಲಾಸ್ಕು ಮೇಜಿನ ಮೇಲಿಟ್ಟು, ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಿದ. ಇವತ್ತೂ ಖಾಲಿ.

"ಐದ ದಿನ ಆತ್ರಿ ಮೇಡಮ್ಮಾರ, ಅಕ್ಕೋಳದ ಹುಡುಗಿ ಬರವಲ್ಲಳು," ಎಂದ.

ಚಿಕ್ಕೋಡಿಯ ಹೊರಗಿದ್ದ ಆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಸಾಂಸ್ಕೃತಿಕ ಕೇಂದ್ರ ಎಂದರೆ ಎರಡು ಕೋಣೆ. ಒಂದರಲ್ಲಿ ಪುಸ್ತಕ, ಕಂಪ್ಯೂಟರ್, ಇನ್ನೊಂದರಲ್ಲಿ ವಾದ್ಯ. ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ದಲಿತ, ಹಿಂದುಳಿದ ಮಕ್ಕಳಿಗೆಂದೇ ಮಾಡಿದ್ದು. ನಡೆಸುವವರು ಇಬ್ಬರೇ, ಸಂಯೋಜಕಿ ಮನೀಷಾ ಮತ್ತು ಜವಾನ ಜಕ್ಕಪ್ಪ. ಮನೀಷಾ ಶಿರಗುಪ್ಪಿಯ ದೊಡ್ಡ ಕಬ್ಬಿನ ಮನೆತನದವಳು. ಈ ಮಕ್ಕಳೆಂದರೆ ಅವಳಿಗೆ ಜೀವ, ಅದರಲ್ಲಿ ಸುಳ್ಳಿಲ್ಲ. ಆದರೆ ಅವರಿಗೆ ಏನು ಬೇಕೆಂದು ಕೇಳುವ ಮೊದಲೇ ಕೊಟ್ಟುಬಿಡುವ ಸ್ವಭಾವವೂ ಅವಳದೇ.

ಹೋದ ತಿಂಗಳು ಅವಳು ಒಂದು ನಿಯಮ ಮಾಡಿದ್ದಳು. ವಾರ್ಷಿಕ ಗ್ಯಾದರಿಂಗಿಗೆ ಬರುವ ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಹಲಗಿ ಬಾರಿಸುತ್ತ ಕರೆತರುವುದು ನಾಲ್ಕು ವರ್ಷಗಳಿಂದ ಕೇಂದ್ರದ ತಂಡದ ಕೆಲಸ. ಈ ಸಲದಿಂದ ಓದಲು ಬರುವವರೆಲ್ಲ ಆ ತಂಡದಲ್ಲಿ ಇರಲೇಬೇಕು. ಮಕ್ಕಳ ಅಂಜಿಕೆ ಹೋಗಲಿ, ಅವರ ಕಲೆಯನ್ನು ನಾಲ್ಕು ಜನ ನೋಡಲಿ ಎಂಬ ಒಳ್ಳೆಯ ಉದ್ದೇಶ. ಎಂ.ಎಸ್ಸಿ. ಓದುವ ಅಕ್ಕೋಳದ ಸಪನಾಳ ಕೈಗೆ ಹಲಗಿ ಕೊಟ್ಟಾಗ, ಅವಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಚೀಲ ಎತ್ತಿಕೊಂಡು ಹೊರಟುಹೋದಳು.

ಪರೀಕ್ಷೆಗೆ ಇನ್ನು ಮೂರೇ ವಾರ. ಮನೆಯಲ್ಲಿ ಓದಲು ಜಾಗವಿಲ್ಲವೆಂದೇ ಆ ಹುಡುಗಿ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಒಂದು ಹಲಗಿಯ ಸಲುವಾಗಿ ಪರೀಕ್ಷೆಯನ್ನೇ ಕೈಬಿಡುತ್ತಾಳೆಯೇ? ಯಾಕೆ? ಮನೀಷಾಳ ತಲೆಯಲ್ಲಿ ಹುಳ ಹೊಕ್ಕಂತಾಯಿತು.

"ಅಕೀಗೆ ನಾಚಿಕಿ ಇರಬೇಕ್ರಿ," ಎಂದ ತಂಡದ ಮುಂದಾಳು ನಿಖಿಲ. "ನನಗಂತೂ ಹಲಗಿ ಅಂದ್ರ ಹೆಮ್ಮೆ. ನಮ್ಮಜ್ಜನಿಂದ ಬಂದಿದ್ದು. ಇದು ನಮ್ಮದಂತ ನಾವ ಹೇಳದಿದ್ರ ಮತ್ಯಾರ ಹೇಳಬೇಕ್ರಿ?"

ಅವನ ಮಾತೂ ಸರಿಯೇ ಇತ್ತು. ಮನೀಷಾ ಜಕ್ಕಪ್ಪನ ಮುಖ ನೋಡಿದಳು.

"ಇಲ್ಲಿ ಕುಂತ ವಿಚಾರ ಮಾಡೂದಕ್ಕಿಂತ ಅಕೀನ್ನ ಕೇಳೂದ ಚಲೋ ಅಲ್ಲೇನ್ರಿ? ಅಕ್ಕೋಳ ಏನ್ ದೂರ ಐತಿ?" ಎಂದ ಅವನು, ಚಹಾದ ಕಪ್ಪು ತೊಳೆಯುತ್ತ.

ಅವತ್ತೇ ಮಧ್ಯಾಹ್ನ ಮನೀಷಾ ಸ್ಕೂಟಿ ಹತ್ತಿ ಅಕ್ಕೋಳಕ್ಕೆ ಹೋದಳು. ಸಪನಾಳ ತಾಯಿ ಸುಂದರಾ "ಯಾ ಮ್ಯಾಡಮ್, ಬಸಾ" ಎಂದು ಮರಾಠಿಯಲ್ಲೇ ಒಳಗೆ ಕರೆದು, ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟಳು. ತಂದೆ ನಾಮದೇವ ನಿಪ್ಪಾಣಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ರಾತ್ರಿ ಪಾಳಿ ಮುಗಿಸಿ ಮನೆಯಲ್ಲೇ ಇದ್ದ. ಮಗಳು ಹಲಗಿ ಬಿಟ್ಟು ಬಂದದ್ದೇಕೆಂದು ಕೇಳಿದ್ದಕ್ಕೆ ಅವನು ಸಿಟ್ಟಾಗಲಿಲ್ಲ.

"ನಮ್ಮಪ್ಪ ಊರಿಗೆಲ್ಲ ಹಲಗಿ ಬಾರಿಸಾಂವರಿ. ಮದಿವಿ ಆದ್ರೂ ಮುಂದ ಅಂವನ, ಹೆಣಾ ಹೊಂಟ್ರೂ ಮುಂದ ಅಂವನ. ಉಣ್ಣೂದು ಮಾತ್ರ ಎಲ್ಲಾರದೂ ಆದಮ್ಯಾಲ, ಹೊರಗ. ಮೈಯಾಗ ಜ್ವರಾ ಇದ್ರೂ ಬರಾಂಗಿಲ್ಲ ಅನ್ನಾಕ ಬರ್ತಿರಲಿಲ್ಲ. ನಾವು ಬೌದ್ಧರಾದ ದಿನ ಅಂವ ಹಲಗಿ ಬಾವ್ಯಾಗ ಒಗದ. ಇನ್ನ ನಮ್ಮ ಮನ್ಯಾಗ ಯಾರೂ ಮುಟ್ಟೂದಿಲ್ಲ ಅಂದ. ನಾ ಸಣ್ಣಾಂವ, ಭಾಳ ಅತ್ತೆ. ನನಗ ಆ ನಾದ ಭಾಳ ಸೇರ್ತಿತ್ರಿ."

"ಈಗ ಕಾಲ ಬದಲ ಆಗೈತೆಲ್ರಿ ಕಾಕಾ. ನಾವು ಇದನ್ನ ಕಲಾ ಅಂತ ಗೌರವಿಸ್ತೀವಿ."

"ಮನಸಿಂದ ಬಾರಿಸಾವ್ರಿಗೆ ಕಲಾನ ಬಿಡ್ರಿ. ಅವ್ರು ಬಾರಿಸ್ಲಿ. ನಾ ಬ್ಯಾಡ ಅನ್ನಾಂಗಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಸಪನಾ ಆಗ ಬಾಯಿ ಬಿಟ್ಟಳು. "ಮೇಡಂ, ಒಂದ ಕೇಳ್ಲ್ಯಾ? ನಾವು ಮುಂದ ಬಾರಸ್ಕೋತ ಹೋಗೂದು, ದೊಡ್ಡವರು ಹಿಂದ ಬರೂದು. ಈ ಕೆಲಸಕ್ಕ ಬ್ಯಾರೆ ಹುಡುಗ್ರನ್ನ ಒಂದ ವರ್ಷನೂ ಯಾಕ ಕರೀಲಿಲ್ರಿ? ಹಲಗಿ ಬಾರಿಸಿದ್ರ ರೊಟ್ಟಿ ಅಂತ ನಮ್ಮಜ್ಜಗ ಹೇಳ್ತಿದ್ರು. ಹಲಗಿ ಬಾರಿಸಿದ್ರ ಪುಸ್ತಕ ಅಂತ ನೀವು ನನಗ ಹೇಳಿದ್ರಿ. ಏನ ಫರಕ ಆತ್ರಿ?"

ನಾಲ್ಕು ವರ್ಷ ಬಾರಿಸುವವರ ಪಟ್ಟಿ ಬರೆದವಳು ತಾನೇ, ಒಮ್ಮೆಯೂ ಈ ಪ್ರಶ್ನೆ ತನಗೆ ಹೊಳೆಯಲಿಲ್ಲವಲ್ಲ ಎಂದು ಮನೀಷಾಳಿಗೆ ನಾಚಿಕೆಯಾಯಿತು. ಚಹಾ ತಣ್ಣಗಾಗಿತ್ತು, ಹಾಗೇ ಕುಡಿದು ಎದ್ದಳು.

ಮರುದಿನ ಅವಳು ನೋಟಿಸ್ ಬೋರ್ಡಿನ ನಿಯಮ ಹರಿದು ಹಾಕಿದಳು. ಹಲಗಿ ಇಷ್ಟಪಟ್ಟವರಿಗೆ ಮಾತ್ರ. ಅದೂ ಗೇಟಿನಲ್ಲಲ್ಲ, ವೇದಿಕೆಯ ಮೇಲೆ, ಬಾರಿಸುವವರ ಹೆಸರು ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚಾಗಿ. ನಿಖಿಲ ಕುಣಿದಾಡಿದ. ಕ್ಯಾಂಪಸ್ಸಿನ ಮುಖ್ಯಸ್ಥ ಬಾಳಾಸಾಬರಿಗೆ ಮಾತ್ರ ತಲೆಬಿಸಿ.

"ಗೇಟಿನ್ಯಾಗ ಯಾರ ಬಾರಿಸ್ತಾರ ಮತ್ತ? ಈ ಸಲ ನಿಮ್ಮಪ್ಪಾರ ಮುಖ್ಯ ಅತಿಥಿ."

"ಒಬ್ರು ಅದಾರ್ರಿ ಸರ್. ಕಲಿಯಾಕತ್ತಾರ."

ಗ್ಯಾದರಿಂಗಿನ ದಿನ ತಲೆಗೆ ಪಟಗ ಸುತ್ತಿದ ಮುರಗೆಪ್ಪ ಕಾರಿನಿಂದ ಇಳಿದು ಗೇಟಿನಲ್ಲಿ ಗಕ್ಕನೆ ನಿಂತರು. ಎದುರಿಗೆ ಇಳಕಲ್ ಸೀರೆಯುಟ್ಟ ಮಗಳು, ಹೆಗಲಿಗೆ ಹಲಗಿ. ಒಂದೇ ವಾರದ ಕಲಿಕೆ; ಪೆಟ್ಟು ಎತ್ತೆತ್ತಲೋ ಬೀಳುತ್ತಿತ್ತು. ಹುಡುಗರು ಕಿಸಕ್ಕನೆ ನಗುತ್ತಿದ್ದರು.

"ಇದೇನ ಹಚ್ಚೀಬೇ ಮನೀಷಾ? ನಮ್ಮ ಮನೆತನದವರು ಹಲಗಿ ಬಾರಿಸೂದಾ? ಜನಾ ಏನಂದಾರು?"

"ಯಾಕಪಾ? ಹೋದ ವರ್ಷ ಇದ ಗೇಟಿನ್ಯಾಗ ಹುಡುಗ್ರು ಬಾರಿಸಿದಾಗ, ಎಂಥಾ ಚಂದ ಕಲಾ ಅಂತ ಚಪ್ಪಾಳಿ ಹೊಡದಿದ್ದೆಲ್ಲ. ಅವರ ಕೈಯಾಗ ಕಲಾ, ನನ್ನ ಕೈಯಾಗ ಬಂದ್ರ ಮಾನಾ ಹೋಗತೈತೇನು?"

ಮುರಗೆಪ್ಪ ಪಟಗ ಸರಿಮಾಡಿಕೊಂಡು ನಡೆಯತೊಡಗಿದರು. ಮಗಳ ಹಿಂದಲ್ಲ, ಪಕ್ಕದಲ್ಲೇ. ಸಿಟ್ಟಿಗೋ ಮತ್ತೊಂದಕ್ಕೋ, ಅವರಿಗೇ ಗೊತ್ತು. ನಿಖಿಲನ ತಂಡ ವೇದಿಕೆಯ ಮೇಲೆ ಬಾರಿಸಿದಷ್ಟು ಹೊತ್ತು ಅವರು ಮುಂದಿನ ಸಾಲಿನಲ್ಲಿ ಕುಳಿತು ಕೇಳಿದರು.

ಮರುದಿನ ಮನೀಷಾ ಒಳಗೆ ಬಂದಾಗ ಸಪನಾ ತನ್ನ ಕುರ್ಚಿಯಲ್ಲಿದ್ದಳು. ಜಕ್ಕಪ್ಪ ಏನೂ ಆಗದವನ ಹಾಗೆ ಕಿಟಕಿ ಒರೆಸುತ್ತಿದ್ದ.

"ಮೇಡಂ, ನಿನ್ನೆ ನೀವು ನಡುನಡುವ ತಾಳ ತಪ್ಪಿದ್ರಂತ," ಎಂದಳು ಸಪನಾ.

"ಯಾರ ಹೇಳಿದ್ರು? ನೀ ಬಂದಿರಲಿಲ್ಲಲ್ಲ."

"ನಮ್ಮಪ್ಪ ಬಂದಿದ್ದರಿ. ಡ್ಯೂಟಿ ಬಿಟ್ಟ ಬಂದ, ಗೇಟಿನ ಹೊರಗ ನಿಂತ ಕೇಳ್ಯಾನ." ಹುಡುಗಿ ಪುಸ್ತಕ ಬಿಚ್ಚಿದಳು. "ಅಂವ ಹಲಗಿ ಮುಟ್ಟಾಂಗಿಲ್ಲಂತ. ಆದ್ರ ನೀವು ಮನೀಗೆ ಬಂದ್ರ, ಬಾಯಿಲೆ ತಾಳಾ ಹೇಳಿಕೊಡ್ತಾನಂತ್ರಿ."