ಯಮನಪ್ಪನ ಕೈಯಲ್ಲಿದ್ದ ಬಾಯಿ

ನಾನು ಒಂದು ಸ್ಲೇಟು. ಗುಡ್ಡದ ಹೊಟ್ಟೆಯಲ್ಲಿ ತೆಪ್ಪಗೆ ಮಲಗಿದ್ದ ಕಲ್ಲನ್ನು ಸೀಳಿ, ತಿಕ್ಕಿ, ಸುತ್ತ ಕಟ್ಟಿಗೆಯ ಚೌಕಟ್ಟು ಬಡಿದಾಗ ಹುಟ್ಟಿದೆ. ನನ್ನ ಮೊದಲ ಒಡತಿ ಗದಗಿನ ರೇಣುಕಾ. ಪ್ರೀತಿಯಿಂದ ಬರೆಯುತ್ತಿದ್ದಳು, ಎಂಜಲಿನಿಂದ ಒರೆಸುತ್ತಿದ್ದಳು. ಅವಳ ಕೈಗೆ ಪೆನ್ನು ಬಂದದ್ದೇ ತಡ, ನನಗೆ ಅಡುಗೆಮನೆಗೆ ವರ್ಗವಾಯಿತು. ಅವಳವ್ವ ಗಂಗವ್ವ ನನ್ನಿಂದ ಜೋಳದ ಹಿಟ್ಟಿನ ಡಬ್ಬಿ ಮುಚ್ಚಿದಳು. ಕೆಲವು ವರ್ಷಗಳ ನಂತರ ಗಂಡನ ಬಾಯನ್ನೂ ನನ್ನಿಂದಲೇ ಮುಚ್ಚಿಸಿದಳು.

ಗಂಡ ಯಮನಪ್ಪ ಟೆಂಪೋ ಸ್ಟ್ಯಾಂಡಿನಲ್ಲಿ ಕೂಗುವವನು. ಬೆಳಗಿನಿಂದ ಸಂಜೆತನಕ "ಮುಳಗುಂದ, ಶಿರಹಟ್ಟಿ, ಲಕ್ಷ್ಮೇಶ್ವರ!" ಅವನ ಕೂಗಿಗೆ ಹುಬ್ಬಳ್ಳಿಗೆ ಹೊರಟವರೂ ಲಕ್ಷ್ಮೇಶ್ವರದ ಗಾಡಿ ಹತ್ತಿಬಿಡುತ್ತಿದ್ದರಂತೆ. ಒಂದು ದಿನ ಆ ಗಂಟಲು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು. ಕಲ್ಲುಸಕ್ಕರೆ, ಮೆಣಸು, ಯಾವುದಕ್ಕೂ ಬಗ್ಗಲಿಲ್ಲ. ಟೆಂಪೋ ಮಾಲಕ ಕಲ್ಲನಗೌಡ ಹದಿನೈದು ದಿನದ ಗಡುವು ಕೊಟ್ಟ. ಅಷ್ಟರಲ್ಲಿ ದನಿ ಬಾರದಿದ್ದರೆ ಯಮನಪ್ಪನ ಜಾಗಕ್ಕೆ ರೆಕಾರ್ಡು ಮಾಡಿದ ಸ್ಪೀಕರು.

ದವಾಖಾನೆಯಲ್ಲಿ ದನಿಗೆ ಚಿಕಿತ್ಸೆ ಕೊಡುವ ನಸ್ರೀನ್ ಮೇಡಂ, "ಒಂದ ವಾರ ಮಾತು ಪೂರಾ ಬಂದ್," ಎಂದರು. ಗಂಗವ್ವ ನನ್ನ ಮೈಮೇಲಿನ ಹಿಟ್ಟು ಕೊಡವಿ ಅವನ ಕೈಗಿಟ್ಟಳು.

ಯಮನಪ್ಪ ಬರೆದ, ನಿಜ. ಆದರೆ ನನ್ನ ಮೇಲೆ ಬಿದ್ದ ಒಂದೊಂದು ಅಕ್ಷರವನ್ನೂ ಪಿಸುಗುಟ್ಟುತ್ತಲೇ ಬರೆದ. ವಾರ ಕಳೆದರೂ ದನಿ ಏಳಲಿಲ್ಲ.

"ಮಾತಾಡೀರೇನು ಅಣ್ಣಾರ?" ಮೇಡಂ ಕೇಳಿದರು.

"ಒಂದ ಮಾತೂ ಆಡಿಲ್ರಿ," ಎಂದು ಬರೆಯುತ್ತಾ ಪಿಸುಗುಟ್ಟಿದ.

"ಈಗ ಆಡಿದ್ರಲ್ಲ! ಪಿಸುಮಾತಿನಿಂದನೂ ಗಂಟಲಿಗೆ ತ್ರಾಸ ಆಗತೈತ್ರಿ."

"ಮದವಿ ಆದಾಗಿಂದ ಬಾಯಿ ಮುಚ್ಚರಿ ಅಂತೀನಿ, ಕೇಳ್ಯಾರೇನ್ರಿ?" ಎಂದಳು ಗಂಗವ್ವ. "ಇನ್ನ ಬರಿಯೂಮುಂದ ಬಾಯಾಗ ನೀರ ಹಿಡಕೋರಿ. ಹೆಂಗ ಪಿಸುಗುಡತೀರಿ, ನೋಡೋಣು!"

ಉಪಾಯ ಫಲಿಸಿತು. ಎರಡು ಸಲ ನಗು ತಡೆಯದೆ ನನಗೆ ಜಳಕ ಮಾಡಿಸಿದ, ಅಷ್ಟೆ. ದನಿ ಹದಕ್ಕೆ ಬಂದ ಮೇಲೆ ಮೇಡಂ ಕಿರುಚದೆ, ಹೊಟ್ಟೆಯಿಂದ ಉಸಿರೆತ್ತಿ ಮಾತಾಡುವುದನ್ನು ಕಲಿಸಿದರು.

ಹದಿನೈದನೆಯ ದಿನ ಸ್ಟ್ಯಾಂಡಿನಲ್ಲಿ, ಗೌಡನ ಕಣ್ಣೆದುರೇ, ಯಮನಪ್ಪ ಊರುಗಳ ಹೆಸರು ಬರೆದು ನನ್ನನ್ನು ಎತ್ತಿ ಹಿಡಿದ. ಓದಬಲ್ಲವರು ಓದಿ ಹತ್ತಿದರು. ಒಬ್ಬ ಮುದುಕಿ ನನ್ನನ್ನು ದಿಟ್ಟಿಸಿ, "ನನಗ ಓದಾಕ ಬರೂದಿಲ್ಲೋ ತಮ್ಮಾ, ಇದು ಎಲ್ಲಿಗಿ ಹೊಂಟೈತಿ?" ಎಂದಳು.

ಗೌಡ ಕಿವಿ ನೆಟ್ಟಗೆ ಮಾಡಿದ. ಯಮನಪ್ಪ ಮೆಲ್ಲಗೆ ಉಸಿರೆಳೆದ.

"ಲಕ್ಷ್ಮೇಶ್ವರ, ಆಯೀ. ಹತ್ತರಿ."

ಕಿರುಗುಟ್ಟಲಿಲ್ಲ!

"ಇಷ್ಟ ಸಣ್ಣ ದನಿ ಯಾರಿಗೆ ಕೇಳತೈತಿ?" ಗೌಡ ಗೊಣಗಿದ.

"ಎಂಬತ್ತರ ಮುದುಕಿ ನನಗ ಕೇಳಸ್ತು. ನಿನ್ನ ಕಿವಿಗೇನಾಗೇತಿ?" ಮುದುಕಿ ಟೆಂಪೋ ಹತ್ತಿದಳು.

ಗೌಡ ಸ್ಪೀಕರಿನ ಮಾತು ಮತ್ತೆ ಎತ್ತಲಿಲ್ಲ.

ಈಗ ನನ್ನ ಒಂದು ಮೂಲೆ ಮುರಿದಿದೆ, ಮೈಯೆಲ್ಲ ಗೀರು. ಯಮನಪ್ಪ ಒಮ್ಮೆ ಕೂಗುತ್ತಾನೆ, ಎರಡು ಸಲ ನನ್ನನ್ನು ಎತ್ತಿ ತೋರಿಸುತ್ತಾನೆ, ನಡುವೆ ಒಂದು ಗುಟುಕು ನೀರು. ಆ ಗುಟುಕು ಗಂಟಲಿಳಿಯುವಷ್ಟು ಹೊತ್ತು ಲಕ್ಷ್ಮೇಶ್ವರಕ್ಕೆ ಜನರನ್ನು ಕರೆಯುವ ಕೆಲಸ ನನ್ನದು. ವಯಸ್ಸಾದವರಿಗೆ ಅಷ್ಟು ನೌಕರಿ ಸಾಕು.