ಶಾಂತರಾಜುವಿನ ಕ್ಯಾಮೆರಾದ ಹಿಡಿ

ನಾನು ಒಂದು ಹಿಡಿ. ಫಿಲಂ ಕ್ಯಾಮೆರಾದ ಬಲಮಗ್ಗುಲಿಗೆ ಸ್ಕ್ರೂ ಹಾಕಿ ಕೂರಿಸುವ ಬೀಟೆಮರದ ತುಂಡು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಯಾರದೋ ಮಂಚದ ಕಾಲು ಕೊಯ್ದು ಉಳಿದ ಚೂರಿನಿಂದ ಬಡಗಿ ಅಫ್ಸರ್ ಸಾಬರು ನನ್ನನ್ನು ಹುಟ್ಟಿಸಿದರು. ಮಂಚವಾಗಿದ್ದರೆ ಹಾಯಾಗಿ ಬಿದ್ದುಕೊಂಡಿರಬಹುದಿತ್ತು. ನನ್ನ ಹಣೆಯಲ್ಲಿ ಓಡಾಟ ಬರೆದಿತ್ತು.

ಮಾಡಿಸಿದವನು ಶಾಂತರಾಜು, ಮದುವೆ ಫೋಟೋ ತೆಗೆಯುವವನು. ಅವನ ಅಂಗೈ ಸದಾ ಬೆವರುತ್ತಿತ್ತು. ಸ್ಟುಡಿಯೋದ ಕ್ಯಾಮೆರಾ ಒಮ್ಮೆ ಕೈಜಾರಿ ಬಿದ್ದಾಗ, "ಇನ್ನೊಂದ್ಸಲ ಬೀಳಿಸು, ನೀನೂ ಹೊರಗೆ ಬೀಳ್ತೀಯ" ಎಂದು ಮಾಲೀಕ ಗದರಿದ್ದ. ಅಂಗಡಿಯ ರಬ್ಬರ್ ಹಿಡಿ ಬೆವರಿಗೆ ಜಾರಿತು. ಲೋಹದ್ದು ಇನ್ನೂ ಜಾರಿತು. ಕೊನೆಗೆ ಅಫ್ಸರ್ ಸಾಬರು ಅವನ ಕೈಗೆ ಜೇಡಿಮಣ್ಣಿನ ಮುದ್ದೆ ಕೊಟ್ಟರು.

"ಹಿಂಡ್ರಿ. ಹೆಂಡ್ತಿ ಕೈ ಹಿಡಿದಂಗಲ್ಲ, ಬಸ್ಸಿನ ಕಂಬಿ ಹಿಡಿದಂಗೆ."

"ಮದುವೇನೇ ಆಗಿಲ್ಲ ಸಾಬ್ರೇ."

"ಹಂಗಾದ್ರೆ ಕಂಬಿನೇ ಗತಿ. ಹಿಂಡ್ರಿ!"

ಆ ಬೆರಳಚ್ಚು ನೋಡಿ ನನ್ನನ್ನು ಕೆತ್ತಿದರು. ಜಾರದಿರಲೆಂದು ಮೈಯನ್ನು ತರಿತರಿಯಾಗಿಯೇ ಬಿಟ್ಟರು. ರೋಲು ಹಾಕದ ಖಾಲಿ ಕ್ಯಾಮೆರಾಕ್ಕೆ ಕೂರಿಸಿ ನೋಡಿದರು. ಖಾಲಿ ಕ್ಯಾಮೆರಾ! ಅಲ್ಲೇ ಇಬ್ಬರೂ ಎಡವಿದ್ದು. ಮುಗಿದ ರೋಲನ್ನು ಹಿಂದಕ್ಕೆ ಸುತ್ತಲು ಕ್ಯಾಮೆರಾದ ತಳದ ಗುಂಡಿ ಒತ್ತಬೇಕು. ನನ್ನನ್ನು ತಳಕ್ಕೆ ಬಿಗಿಯುವ ಲೋಹದ ಪಟ್ಟಿ ಆ ಗುಂಡಿಯ ಮೇಲೇ ಕೂತಿತ್ತು.

ಮಾರನೆಯ ದಿನ ಮಂಡ್ಯದ ಛತ್ರದಲ್ಲಿ, ವರ ತಾಳಿ ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ರೋಲು ಮುಗಿಯಿತು. ಶಾಂತರಾಜು ಗುಂಡಿಗೆ ತಡಕಾಡಿದ. ಅಡ್ಡ ನಾನಿದ್ದೆ.

"ಒಂದೇ ನಿಮಿಷ ಸ್ವಾಮಿ!" ಎನ್ನುತ್ತ ನಾಣ್ಯದಿಂದ ನನ್ನ ಸ್ಕ್ರೂ ಬಿಚ್ಚತೊಡಗಿದ.

"ಮುಹೂರ್ತ ನಿನ್ನ ರೀಲಿಗೆ ಕಾಯಲ್ಲ ಕಣಯ್ಯ" ಎಂದರು ಪುರೋಹಿತರು.

ಮದುವಣಗಿತ್ತಿ ಕೋಮಲ ನಕ್ಕಳು. "ಕಾಯ್ಲಿ ಬಿಡಿ ಐನೋರೇ. ತಾಳಿ ಎಲ್ಲೂ ಓಡೋಗಲ್ಲ."

ವರ ನಗಲಿಲ್ಲ. "ಬೇವರ್ಸಿ, ನಿಂಗ್ಯಾಕೋ ಕ್ಯಾಮೆರಾ?" ಎಂದು, ಬಿಚ್ಚಿಟ್ಟಿದ್ದ ನನ್ನನ್ನೆತ್ತಿ ಶಾಂತರಾಜುವಿನ ಮುಖಕ್ಕೇ ಬೀಸಿದ. ಅವನ ಕಿವಿ ಹರಿಯಿತು. ನಾನು ಕಂಬಕ್ಕೆ ಬಡಿದು, ಸೀಳಿಹೋಗಿ, ಕುರ್ಚಿಗಳ ಕೆಳಗೆ ಬಿದ್ದೆ. ಮೈಯೆಲ್ಲ ಉರಿಯಿತು. ಹಿಡಿದುಕೊಳ್ಳಲೆಂದು ಹುಟ್ಟಿದ ನನ್ನನ್ನು ಕಲ್ಲು ಮಾಡಿದನಲ್ಲ!

ವಾಲಗ ನಿಂತಿತು. ಕೋಮಲ ಎದ್ದಳು. "ಆ ಕೈಯಿಂದ ತಾಳಿ ಕಟ್ಟಿಸ್ಕೊಳ್ಳಲ್ಲ."

"ಜನ ನೋಡ್ತಾವ್ರೆ ಮಗಳೇ" ಎಂದ ಅವಳಪ್ಪ.

"ನೋಡ್ಲಿ ಅಪ್ಪಾ. ನಾನೂ ಈಗ್ಲೇ ಸರಿಯಾಗಿ ನೋಡಿದ್ದು."

ಗಂಡಿನ ಕಡೆಯವರು ಕೂಗಾಡುತ್ತ ಹೊರನಡೆದರು. ಅವಳು ಮಂಟಪದಲ್ಲಿ ಒಬ್ಬಳೇ ನಿಂತಳು. "ಅಣ್ಣ, ರೋಲು ಹಾಕ್ಕೊಂಡ್ರಾ? ನಂದೊಂದು ತೆಗೀರಿ."

ಶಾಂತರಾಜು ನನಗಾಗಿ ಅತ್ತಿತ್ತ ನೋಡಿದ. ಸಿಗಲಿಲ್ಲ. ಒದ್ದೆ ಅಂಗೈ ಪ್ಯಾಂಟಿಗೆ ಒರೆಸಿ ಬರಿ ಕ್ಯಾಮೆರಾ ಎತ್ತಿದ. ಬಿದ್ದರೆ ಕೆಲಸ ಹೋಯಿತು. ನಿಜ ಹೇಳುತ್ತೇನೆ, ಬೀಳಲಿ ಎಂದೇ ಅಂದುಕೊಂಡೆ. ನಾನಿಲ್ಲದೆ ಅದು ಹೇಗೆ ನಿಂತೀತು?

ನಿಂತಿತು. ಕ್ಲಿಕ್ ಎಂದಿತು.

ಆ ಫೋಟೋ ಈಗ ಸ್ಟುಡಿಯೋದ ಗಾಜಿನೊಳಗಿದೆ. "ಗಂಡೆಲ್ಲಿ?" ಎಂದು ಬಂದವರು ಕೇಳುತ್ತಾರೆ. ಕೆಲಸ ಉಳಿಸಿಕೊಂಡ ಶಾಂತರಾಜು ನಗುತ್ತಾನೆ. ಛತ್ರ ಖಾಲಿಯಾದ ಮೇಲೆ ಅವನೇ ಹೆಕ್ಕಿ ತಂದ ನಾನು, ಕೆಳಗಿನ ಡ್ರಾಯರಿನಲ್ಲಿ, ಸತ್ತ ಸೆಲ್ಲುಗಳ ನಡುವೆ, ಸೀಳಿಕೊಂಡು ಬಿದ್ದಿದ್ದೇನೆ. ಡ್ರಾಯರು ತೆರೆದಾಗಲೆಲ್ಲ ನನ್ನನ್ನು ಎತ್ತಿಕೊಳ್ಳುತ್ತಾನೆಂದು ಮೈ ಬಿಗಿಹಿಡಿಯುತ್ತೇನೆ. ಅವನು ಕತ್ತರಿ ತೆಗೆದುಕೊಂಡು ಮುಚ್ಚುತ್ತಾನೆ.