ಗಿಡ್ಡ ಬೆಲ್ಟು

ಸುಟ್ಟ ರಬ್ಬರಿನ ವಾಸನೆ ಮೊದಲು ಬಂತು, ಕಾರು ಆಮೇಲೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಮೇಸ್ತ್ರಿ ಮೂಗರಳಿಸಿದರು. ನಲವತ್ತು ವರ್ಷ ಕಾರು ರಿಪೇರಿ ಮಾಡಿದ ಮೂಗು ಅದು. ಕಣ್ಣು ಮಂಜಾದರೂ ಅದಿನ್ನೂ ಚುರುಕಾಗಿತ್ತು. ಆಗಷ್ಟೇ ಬಾಡಿಗೆಗೆ ಹೊರಟಿದ್ದ ಸೊಸೆ ಕಾರನ್ನು ವಾಪಸು ಅಂಗಳಕ್ಕೆ ತಂದು ನಿಲ್ಲಿಸಿದಳು. ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು.

"ಏಸಿ ಹಾಕಿದ್ದೇ ತಡ, ಕಿರ್ರಂತ ಕಿರುಚಿಕೊಳ್ತು ಮಾವ. ಆಫ್ ಮಾಡಿದ್ರೂ ನಿಲ್ಲಲಿಲ್ಲ."

ಹಿಂದಿನ ಸೀಟಿನಲ್ಲಿ ಬಾಡಿಗೆ ಹಿಡಿದಿದ್ದ ಊರಿನ ಟೀಚರಮ್ಮ ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡು ಒರಗಿದ್ದರು. ಗಂಟಲಿನ ಕ್ಯಾನ್ಸರ್ ಗಡ್ಡೆಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳುತ್ತಿದ್ದರು. ಮೂವತ್ತು ಸಲದಲ್ಲಿ ಇಪ್ಪತ್ತಮೂರು ಮುಗಿದಿತ್ತು. ನಡುವೆ ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆಸ್ಪತ್ರೆ ಎರಡು ತಾಸಿನ ದಾರಿ. ಅವರ ಸರದಿ ಹನ್ನೆರಡಕ್ಕೆ.

ಮೇಸ್ತ್ರಿ ಬಾನೆಟ್ಟು ಎತ್ತಿಸಿದರು. ಬಿಸಿ ಆರಲು ಬಿಟ್ಟು ಒಳಗೆ ಕೈಹಾಕಿ ತಡವಿದರು. ಏಸಿಯ ಕಂಪ್ರೆಸರಿನ ಗಾಲಿ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಕಚ್ಚಿಕೊಂಡುಬಿಟ್ಟಿದೆ. ಡೈನಮೋ, ನೀರಿನ ಪಂಪು, ಏಸಿ, ಎಲ್ಲಕ್ಕೂ ಇದೊಂದೇ ಬೆಲ್ಟು. ಕೂಡು ಕುಟುಂಬ ಇದ್ದ ಹಾಗೆ. ಒಬ್ಬ ಮುನಿಸಿಕೊಂಡು ಕೂತ್ರೆ ಎಲ್ಲರಿಗೂ ಉಪವಾಸ."

"ಈಗೇನು ಮಾಡೋದು?"

"ಹೊಸದು ತರಿಸೋಕೆ ಮೂರು ದಿನ ಬೇಕು. ಬೇರೆ ಕಾರಿಲ್ವಾ?"

"ಟ್ಯಾಕ್ಸಿ ಸ್ಟ್ಯಾಂಡಲ್ಲಿ ಒಂದೂ ಇಲ್ಲ. ಬಸ್ಸಲ್ಲಿ ಕೂರೋ ಸ್ಥಿತೀಲಿ ಟೀಚರ್ ಇಲ್ಲ."

"ಕಂಪ್ರೆಸರನ್ನ ಬಿಟ್ಟು ಸುತ್ತಿಸಬಹುದು. ಗಿಡ್ಡ ಬೆಲ್ಟು ಹಾಕಿದ್ರೆ ಏಸಿ ಇರಲ್ಲ, ಗಾಡಿ ಓಡುತ್ತೆ" ಎಂದವರು ಅಂಗಳದ ಮೂಲೆಯ ಶೆಡ್ಡಿನ ಕಡೆ ನೋಡಿದರು. ಬೆಲ್ಟುಗಳಿದ್ದದ್ದು ಶೆಡ್ಡಿನಲ್ಲಿ. ಶೆಡ್ಡಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು.

ಅವರ ಮಗ ಸತ್ತದ್ದು ಅಲ್ಲೇ. ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ಜಾಕು ಜಾರಿ ಕಾರು ಎದೆಯ ಮೇಲೆ ಕೂತಿತ್ತು. ಹುಡುಗನಿಗೆ ಮೊದಲಿನಿಂದಲೂ ಆತುರ, ಕಾರಿಗೆ ಆಸರೆಯ ಸ್ಟ್ಯಾಂಡು ಇಡದೆ ನುಗ್ಗಿದ ಎಂದು ಜನ ಮಾತಾಡಿಕೊಂಡರು. ಸೊಸೆಯೂ ಹಾಗೇ ನಂಬಿದ್ದಳು. ಒಮ್ಮೊಮ್ಮೆ ಫೋಟೋದ ಮುಂದೆ ನಿಂತು ಗಂಡನನ್ನು ಬೈಯುತ್ತಿದ್ದಳು. ಮೇಸ್ತ್ರಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ಅವಳು ಹೊಲಿಗೆ ಬಿಟ್ಟು, ಗಂಡನ ಕಾರಿನಲ್ಲೇ ಡ್ರೈವಿಂಗ್ ಕಲಿತು ಬಾಡಿಗೆಗೆ ಇಳಿದಳು. ಇವರು ಸ್ಪ್ಯಾನರ್ ಮುಟ್ಟಲಿಲ್ಲ.

ಸೊಸೆ ಒಳಗೆ ಹೋಗಿ ಬೀಗದ ಕೈ ತಂದು ಅವರ ಮುಂದೆ ಹಿಡಿದಳು.

ಶೆಡ್ಡಿನೊಳಗೆ ಧೂಳು, ಹಳೇ ಎಣ್ಣೆಯ ವಾಸನೆ. ಮೇಸ್ತ್ರಿ ನೆಲದ ಕಡೆ ನೋಡದೆ ಜಾಕನ್ನೂ ಎರಡು ಕಬ್ಬಿಣದ ಸ್ಟ್ಯಾಂಡುಗಳನ್ನೂ ಹೊರಗೆ ಎಳೆದು ತಂದರು. ಟೀಚರಮ್ಮ ಇಳಿದು ಕುರ್ಚಿಯಲ್ಲಿ ಕೂತರು. ಕಾರಿನ ಮೂತಿ ಮೇಲೆದ್ದಿತು. ಮೇಸ್ತ್ರಿ ಎರಡೂ ಕಡೆ ಸ್ಟ್ಯಾಂಡು ಕೊಟ್ಟರು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು, ಸ್ಟೆಪ್ನಿಯನ್ನು ಅಡ್ಡಡ್ಡ ಮಲಗಿಸಿ ಕಾರಿನಡಿಗೆ ತಳ್ಳಿದರು. ಭುಜ ಕೊಟ್ಟು ಮೂರು ಸಲ ಕಾರನ್ನು ದೂಡಿ ನೋಡಿದರು. ಮರದ ದಿಮ್ಮಿ ತರಲು ಮತ್ತೆ ಶೆಡ್ಡಿನ ಕಡೆ ತಿರುಗಿದಾಗ ಸೊಸೆ, "ಸಾಕು ಮಾವ, ಹೊತ್ತಾಗುತ್ತೆ" ಎಂದಳು. ಅವರು ಕೇಳಿಸಿಕೊಳ್ಳಲಿಲ್ಲ, ದಿಮ್ಮಿ ಬಂತು.

ಹಳೇ ಬೆಲ್ಟು ಬಿಚ್ಚಿದ ಮೇಲೆ ಸೊಸೆ ಹೊಲಿಗೆಯ ಟೇಪು ಹಿಡಿದು ಕೆಳಗೆ ನುಸುಳಿದಳು.

"ಕಾರಿಗೂ ಅಂಗಿ ಹೊಲಿಯೋಕೆ ಹೊರಟ್ಯೇನೇ?" ಎಂದರು ಟೀಚರಮ್ಮ, ಒಡೆದ ದನಿಯಲ್ಲಿ.

"ಹೂಂ ಟೀಚರ್, ಸೊಂಟದ ಅಳತೆ ತಗೋತಿದೀನಿ."

ಮೇಸ್ತ್ರಿ ಮೇಲಿನಿಂದ ದಾರಿ ಹೇಳಿದರು. ಕಂಪ್ರೆಸರನ್ನು ಬಿಡಬೇಕು, ಆದರೆ ಪಂಪಿನ ಮೇಲೆ ಬೆಲ್ಟು ಮೊದಲಿದ್ದ ಮಗ್ಗುಲಲ್ಲೇ ಹಾಯಬೇಕು, ಇಲ್ಲವಾದರೆ ಪಂಪು ಉಲ್ಟಾ ತಿರುಗಿ ಇಂಜಿನ್ನು ಕುದಿಯುತ್ತದೆ. ಅವಳು ಅಳತೆ ಕೂಗಿದಳು. ಅವರು ಶೆಡ್ಡಿನ ಗೋಡೆಯ ಮೊಳೆಗಳಿಗೆ ನೇತುಬಿದ್ದಿದ್ದ ಬೆಲ್ಟುಗಳನ್ನು ಒಂದೊಂದಾಗಿ ಮುಟ್ಟಿ, ಮಡಿಸಿ, ಬಿರುಕಿದೆಯೇ ಎಂದು ಉಗುರಿನಿಂದ ಗೀರಿ, ಕೊನೆಗೊಂದನ್ನು ಆರಿಸಿ ತಂದರು.

ಹೊರಗೆ ಬರುವಷ್ಟರಲ್ಲಿ ಸೊಸೆಯ ಕಾಲುಗಳು ಮಾತ್ರ ಕಾಣುತ್ತಿದ್ದವು. ಒಂದು ಚಪ್ಪಲಿ ಕಳಚಿಬಿದ್ದಿತ್ತು. ಮೇಸ್ತ್ರಿ ಬೆಲ್ಟನ್ನು ಅವಳಿಗೆ ಚಾಚಲಿಲ್ಲ. ತಾವೇ ನೆಲಕ್ಕೊರಗಿ, ಬೆನ್ನು ಉಜ್ಜಿಕೊಂಡು ಅವಳ ಪಕ್ಕಕ್ಕೆ ಸರಿದರು.

"ನೀವ್ಯಾಕೆ ಬಂದ್ರಿ? ಸೊಂಟ ಹಿಡ್ಕೊಳ್ಳುತ್ತೆ."

"ಇರ್ಲಿ."

ಇಂಜಿನ್ನಿನ ಬಿಸಿ ಮುಖಕ್ಕೆ ತಾಗುತ್ತಿತ್ತು. ಇಬ್ಬರೂ ಬೆಲ್ಟನ್ನು ಆ ತುದಿ ಈ ತುದಿ ಹಿಡಿದು ಕೆಳಗಿನ ಗಾಲಿಗೆ ಕೂರಿಸತೊಡಗಿದರು.

"ಅವತ್ತು ಸ್ಟ್ಯಾಂಡ್ ಇಡ್ತೀನಿ ಅಂದ ಅವನು" ಎಂದರು ಮೇಸ್ತ್ರಿ. "ಎರಡು ನಿಮಿಷದ ಕೆಲಸಕ್ಕೆ ಯಾಕೋ, ಹೋಗು ಅಂದೆ. ನಾನೇ ಅಂದೆ ಕಣಮ್ಮ. ಆತುರ ಅವನದ್ದಲ್ಲ."

ಅವಳ ಕೈ ನಿಂತಿತು. ಹೊರಗೆ ಟೀಚರಮ್ಮ ಕೆಮ್ಮಿದರು.

"ಎರಡು ವರ್ಷ..." ಎಂದಳು. ಬೆಲ್ಟನ್ನು ಮತ್ತೆ ಬಿಗಿಯಾಗಿ ಹಿಡಿದು, "ನಿಮ್ಮ ಕಡೆ ಎಳೀರಿ. ಗಾಲಿಯಿಂದ ಆಚೆ ಜಾರ್ತಿದೆ" ಎಂದಳು.

ಅವರು ಎಳೆದರು. ಬೆಲ್ಟು ಗಾಲಿಯ ಸಾಲುಗಳಿಗೆ ಒಂದೊಂದಾಗಿ ಕಚ್ಚಿ ಕೂತಿತು.

ಕಾರನ್ನು ಕೆಳಗಿಳಿಸಿದ ಮೇಲೆ ಇಂಜಿನ್ನು ಕಿರುಚದೆ ಸ್ಟಾರ್ಟಾಯಿತು. ಬ್ಯಾಟರಿಯ ಕೆಂಪು ದೀಪ ಆರಿತು. ಟೀಚರಮ್ಮನನ್ನು ಕೂರಿಸಿ, ನಾಲ್ಕೂ ಕಿಟಕಿ ಇಳಿಸಿ, ಸೊಸೆ ಮೇಸ್ತ್ರಿಯ ಮುಖ ನೋಡದೆ ಎಡಗಡೆಯ ಬಾಗಿಲು ತೆರೆದಳು.

"ಹತ್ತಿ. ದಾರೀಲಿ ಸದ್ದು ಬಂದ್ರೆ ನಂಗೆ ಗೊತ್ತಾಗಲ್ಲ."

ದಾರಿಯುದ್ದಕ್ಕೂ ಬಿಸಿಗಾಳಿ ನುಗ್ಗುತ್ತಿತ್ತು. ಅಂಗೈಯ ಗ್ರೀಸನ್ನು ಒರೆಸಿಕೊಳ್ಳಲೂ ತೋಚದೆ ಮೇಸ್ತ್ರಿ ಬೆಲ್ಟಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಹನ್ನೆರಡಕ್ಕೆ ಏಳು ನಿಮಿಷವಿರುವಾಗ ನರ್ಸು ಟೀಚರಮ್ಮನ ಕೈಹಿಡಿದು ಒಳಗೆ ಕರೆದೊಯ್ದಳು.

ಮಾವ ಸೊಸೆ ಹೊರಗಿನ ಬೆಂಚಿನ ಎರಡು ತುದಿಯಲ್ಲಿ ಕೂತರು. ಅವಳು ಬಾಗಿಲ ಕಡೆ ನೋಡುತ್ತಲೇ ಕೇಳಿದಳು:

"ಕೊನೇಲಿ ಏನಾದ್ರೂ ಅಂದ್ರಾ ಅವರು?"

ಮೇಸ್ತ್ರಿ ತುಟಿ ಒದ್ದೆ ಮಾಡಿಕೊಂಡರು.

"ಹದಿನಾಲ್ಕರ ಸ್ಪ್ಯಾನರ್ ಕೊಡಪ್ಪಾ ಅಂದ. ಅಷ್ಟೇ. ತರೋಕೆ ತಿರುಗಿದೆ."

ಅವಳು ತಲೆಯಾಡಿಸಿದಳು. ಕಾರಿಡಾರಿನಲ್ಲಿ ಯಾರದೋ ಹೆಸರು ಕೂಗಿದರು. ಯಾರೋ ಎದ್ದು ಹೋದರು. ಆ ತುದಿಯ ಬಾಗಿಲು ತೆರೆದು ಟೀಚರಮ್ಮ ಗೋಡೆಗೆ ಅಂಗೈ ಊರಿಕೊಂಡು ಹೊರಗೆ ಬಂದರು. ಬೆಂಚಿನ ಎರಡು ತುದಿಯಿಂದ ಇಬ್ಬರೂ ಒಟ್ಟಿಗೇ ಎದ್ದರು.